ಅರವತ್ತರ ಮೇಲಿನ ಕಾಫಿ

ಮಂಡ್ಯದ ಬಳಿಯ ಕೃಷಿ ಸಂಶೋಧನಾ ಕ್ಷೇತ್ರ ವಿ.ಸಿ. ಫಾರಂನಲ್ಲಿ ಕಾಫಿ ಬೆಳೆಯುವುದಿಲ್ಲ, ಟೀಯೂ ಬೆಳೆಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರನ್ನು ನೆಚ್ಚಿಕೊಂಡಿರುವ ಈ ಬಯಲು ಭತ್ತ, ಕಬ್ಬು, ರಾಗಿಗಳಿಗೆ ಒಗ್ಗಿದ ನೆಲ. ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ತೆಗೆದದ್ದು ಇಲ್ಲಿನ ತಾಕುಗಳಲ್ಲಿ, ಕೆ.ಆರ್.ಎಚ್. ಹೆಸರಿನ ಸಂಕರಣ ಭತ್ತಗಳು ಹೊರಬಿದ್ದದ್ದೂ ಇಲ್ಲಿಂದಲೇ. ಆದರೆ ಬೆಳಗಿನ ಜಾವ ನಾಲೆಯ ಏರಿಯ ಮೇಲೆ ನಡೆದು ಬರುವ ನಿವೃತ್ತರ ಮಾತು ಭತ್ತ ರಾಗಿಗಳನ್ನು ಬಳಸಿಕೊಂಡು ಹೋಗಿ, ಎಷ್ಟೋ ಸಲ ನಿಲ್ಲುವುದು ಲೋಟದ ಬಳಿ. ಟೀ ಬಿಟ್ಟೆ, ಈಗ ಕಾಫಿಯೇ ಎನ್ನುವವರು ಅವರಲ್ಲಿ ಒಬ್ಬರಾದರೂ ಸಿಗುತ್ತಾರೆ. ಈ ಬರಹಗಾರನೂ ಅದೇ ಗುಂಪಿಗೆ ಸೇರಿದವನು.

ಇದಕ್ಕೆ ಮೊದಲ ಕಾರಣ ವಿಜ್ಞಾನದ್ದಲ್ಲ, ವಿಳಾಸದ್ದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಟೀ ಹೆಚ್ಚಾಗಿ ಅಂಗಡಿಯದು, ಕಾಫಿ ಹೆಚ್ಚಾಗಿ ಮನೆಯದು. ನೌಕರಿಯ ಮೂವತ್ತು ಚಿಲ್ಲರೆ ವರ್ಷಗಳ ದಿನಚರಿಯನ್ನು ಅಳೆದುಕೊಟ್ಟದ್ದು ಕಚೇರಿಯ ಹೊರಗಿನ ಗೂಡಂಗಡಿಯ ಬೈಟು ಟೀ: ಹನ್ನೊಂದಕ್ಕೊಂದು, ಮೂರಕ್ಕೊಂದು, ಬಸ್ಸಿಗೆ ಕಾಯುವಾಗ ಇನ್ನೊಂದು. ಮನೆಗೆ ಬಂದವರಿಗೆ ಮಾತ್ರ ‘ಕಾಪಿ ಕುಡ್ಕೊಂಡು ಹೋಗಿ’ ಎನ್ನುವುದೇ ಇಲ್ಲಿನ ವಾಡಿಕೆ. ನಿವೃತ್ತಿಯಾದ ಮಾರನೆಯ ದಿನ ಗೂಡಂಗಡಿ ದೂರವಾಗುತ್ತದೆ, ಅಡುಗೆಮನೆಯ ಫಿಲ್ಟರ್ ಹತ್ತಿರವಾಗುತ್ತದೆ. ಹೊರಗಿನಿಂದ ನೋಡಿದರೆ ಆದದ್ದು ಇಷ್ಟೇ. ಒಳಗೆ ಮೆದುಳು, ಮೂಗು, ಯಕೃತ್ತು ಮೂರೂ ಈ ಬದಲಾವಣೆಗೆ ತಮ್ಮ ತಮ್ಮ ಲೆಕ್ಕ ಬರೆಯತೊಡಗುತ್ತವೆ.

ಸೋಜಿಗದ ಸಂಗತಿಯೆಂದರೆ, ಟೀಯಿಂದ ಕಾಫಿಗೆ ಹೋದವರು ಮುಖ್ಯ ರಾಸಾಯನಿಕವನ್ನು ಬದಲಿಸಿಯೇ ಇರುವುದಿಲ್ಲ. ಜರ್ಮನಿಯ ರುಂಗೆ ಎಂಬ ರಸಾಯನ ವಿಜ್ಞಾನಿ 1819ರಲ್ಲಿ ಕಾಫಿ ಬೀಜದಿಂದ ಬಿಳಿಯ ಹರಳೊಂದನ್ನು ಬೇರ್ಪಡಿಸಿದ, ಅದು ಕೆಫೀನ್. 1827ರಲ್ಲಿ ಟೀ ಎಲೆಯಿಂದ ಬಂದ ಹರಳಿಗೆ ಥೀಯಿನ್ ಎಂದು ಬೇರೆ ಹೆಸರಿಡಲಾಯಿತು. ಎರಡೂ ಒಂದೇ ಎಂದು ತಿಳಿಯಲು ಮತ್ತೆ ಸುಮಾರು ಹತ್ತು ವರ್ಷ ಹಿಡಿಯಿತು. ಅಲ್ಲಿಗೆ ಕತೆ ಮುಗಿಯಬಹುದಿತ್ತು. ಆದರೆ 2014ರಲ್ಲಿ ರೊಬಸ್ಟಾ ಕಾಫಿಯ ವಂಶವಾಹಿ ಸಂಕುಲವನ್ನು, ಅಂದರೆ ಜೀನೋಮನ್ನು, ಓದಿದಾಗ ಇನ್ನೊಂದು ಅಚ್ಚರಿ ಹೊರಬಂತು. ಕೆಫೀನನ್ನು ಕಟ್ಟುವ ಕಿಣ್ವಗಳು ಕಾಫಿ ಗಿಡದಲ್ಲಿ ಒಂದು ದಾರಿಯಿಂದ ವಿಕಾಸವಾಗಿದ್ದವು, ಟೀ ಗಿಡದಲ್ಲಿ ಬೇರೆಯೇ ದಾರಿಯಿಂದ. ಪರಸ್ಪರ ಸಂಬಂಧವಿಲ್ಲದ ಎರಡು ಸಸ್ಯಕುಲಗಳು, ಒಂದು ಆಫ್ರಿಕಾದ ಕಾಡಿನಲ್ಲಿ, ಇನ್ನೊಂದು ಏಷ್ಯಾದ ಬೆಟ್ಟಗಳಲ್ಲಿ, ಒಂದೇ ಅಣುವನ್ನು ತಾವುತಾವೇ ಕಂಡುಕೊಂಡಿದ್ದವು.

ಗಿಡಕ್ಕೆ ಈ ಅಣುವಿನಿಂದ ಆಗುವ ಉಪಕಾರ ಎರಡು ಬಗೆಯದು. ಎಲೆ ಮತ್ತು ಬೀಜದಲ್ಲಿ ಅದು ಕೀಟಗಳಿಗೆ ಕಹಿ ವಿಷ. ಕಾಫಿ ಹೂವಿನ ಮಕರಂದದಲ್ಲಿಯೂ ಅದು ಇದೆ, ಆದರೆ ಕಹಿ ತಿಳಿಯದಷ್ಟು ಕಡಿಮೆ. ಆ ಅಳತೆಯ ಕೆಫೀನ್ ಕುಡಿದ ಜೇನುಹುಳ ಆ ಪರಿಮಳವನ್ನು ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತದೆ ಎಂದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಹಾಗಾದರೆ ಬೆಳಿಗ್ಗೆ ಎದ್ದೊಡನೆ ಕಾಫಿಯ ವಾಸನೆಯತ್ತ ಕಾಲೆಳೆಯುವ ಚಾಳಿಯನ್ನು ಮನುಷ್ಯನಿಗಿಂತ ಮೊದಲು ಕಲಿತದ್ದು ಜೇನುಹುಳ.

ಲೋಟದೊಳಗಿನ ಈ ಅಣುವಿಗೂ ಮಂಡ್ಯದ ಬಯಲಿಗೂ ನಂಟೊಂದಿದೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಬಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಅವರು ಕೊಳೆರೋಗದ ಬೋರ್ಡೋ ದ್ರಾವಣದಿಂದ ನೆನಪಾಗುತ್ತಾರೆ. ಮಂಡ್ಯದವರಿಗೆ ನೆನಪಾಗುವುದು ಈ ಫಾರಂನಿಂದ, ಮತ್ತು 1933ರಲ್ಲಿ ಆರಂಭವಾದ ಸಕ್ಕರೆ ಕಾರ್ಖಾನೆಯಿಂದ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ನೆಲೆಗೊಂಡದ್ದರ ಹಿಂದೆಯೂ ಇದ್ದದ್ದು ಅವರೇ. ಇಂದಿಗೂ ಅರೇಬಿಕಾ ತೋಟಗಳಲ್ಲಿ ವ್ಯಾಪಕವಾಗಿರುವ ಎಸ್. 795 ತಳಿ 1940ರ ದಶಕದಲ್ಲಿ ಹೊರಬಂದದ್ದು ಆ ಕೇಂದ್ರದಿಂದ. ಮಂಡ್ಯದ ಸಕ್ಕರೆ ಹಾಕಿದ ಚಿಕ್ಕಮಗಳೂರಿನ ಕಾಫಿಯಲ್ಲಿ ಹೀಗೆ ಒಬ್ಬನೇ ಮನುಷ್ಯನ ಕೆಲಸ ಎರಡು ದಾರಿಯಿಂದ ಬಂದು ಕರಗುತ್ತದೆ.

ಎಸ್. 795ರ ಮುಖ್ಯ ಉದ್ದೇಶವೇ ಎಲೆತುಕ್ಕು ರೋಗವನ್ನು ತಡೆದುಕೊಳ್ಳುವುದು. ಆ ರೋಗ 1869ರಲ್ಲಿ ಸಿಂಹಳದ ಕಾಫಿ ತೋಟಗಳಲ್ಲಿ ಕಾಣಿಸಿಕೊಂಡು, ಇಪ್ಪತ್ತೇ ವರ್ಷಗಳಲ್ಲಿ ಅಲ್ಲಿನ ಕಾಫಿ ಉದ್ಯಮವನ್ನು ಮುಗಿಸಿಹಾಕಿತು. ಬೆಳೆಗಾರರು ಸತ್ತ ಗಿಡ ಕಿತ್ತು ಟೀ ನೆಟ್ಟರು. ನಡುವಯಸ್ಸು ದಾಟಿದ ಮೇಲೆ ಒಬ್ಬ ವ್ಯಕ್ತಿ ಪಾನೀಯ ಬದಲಿಸುವುದು ದೊಡ್ಡ ಸುದ್ದಿಯಲ್ಲ. ಇಡೀ ದ್ವೀಪವೇ ಕಾಫಿ ಬಿಟ್ಟು ಟೀಗೆ ಹೋದ ಕಾಲವೂ ಇತ್ತು, ಅದಕ್ಕೆ ಕಾರಣ ಕಣ್ಣಿಗೆ ಕಾಣದ ಒಂದು ಶಿಲೀಂಧ್ರ.

ಅಣು ಒಂದೇ ಆದರೂ ಅದು ಬರುವಾಗ ಜೊತೆಗೆ ಕರೆತರುವ ಬಳಗ ಬೇರೆ. ಟೀಯಲ್ಲಿ ಕೆಫೀನಿನ ಜೊತೆ ಥಿಯನೈನ್ ಎಂಬ ಅಮೈನೋ ಆಮ್ಲವಿರುತ್ತದೆ. ಕೆಫೀನಿನ ಚುರುಕನ್ನು ಅದು ಸ್ವಲ್ಪ ಮೆತ್ತಗೆ ಮಾಡುತ್ತದೆ ಎಂಬುದಕ್ಕೆ ಒಂದಿಷ್ಟು ಪುರಾವೆಯಿದೆ. ಕಾಫಿಯಲ್ಲಿ ಥಿಯನೈನ್ ಇಲ್ಲ. ಗೂಡಂಗಡಿಯ ಟೀ ಪುಡಿ ಬಹುಪಾಲು ಸಿ.ಟಿ.ಸಿ., ಎಂದರೆ ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿಸಿ ಮಾಡಿದ ಹರಳು. ಜಜ್ಜಿದ ಎಲೆಯ ಪಾಲಿಫೀನಾಲುಗಳು ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಂಪು ಕಂದು ಬಣ್ಣವನ್ನೂ ಒಗರನ್ನೂ ಕೊಡುತ್ತವೆ. ಅದನ್ನು ಕುದಿಸಿ ಕುದಿಸಿ ಕಡಕ್ ಮಾಡಿದಾಗ ಒಗರು ಇನ್ನೂ ಏರುತ್ತದೆ, ಹಾಲಿನ ಕೇಸಿನ್ ಪ್ರೋಟೀನು ಆ ಒಗರಿನ ಒಂದು ಪಾಲನ್ನು ಹಿಡಿದಿಟ್ಟುಕೊಂಡು ನಾಲಿಗೆಯನ್ನು ಕಾಪಾಡುತ್ತದೆ. ಕಾಫಿಯಲ್ಲಿ ನಡೆಯುವುದು ಬೆಂಕಿಯ ಕೆಲಸ. 200 ಡಿಗ್ರಿ ದಾಟಿದ ಹುರಿತದಲ್ಲಿ ಬೀಜದ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಒಂದರೊಡನೊಂದು ಬೆಸೆದು ನೂರಾರು ಆವಿಶೀಲ ಸಂಯುಕ್ತಗಳಾಗುತ್ತವೆ. ಹುರಿದ ಕಾಫಿಯಲ್ಲಿ ಇಂಥ 800ಕ್ಕೂ ಹೆಚ್ಚು ಸಂಯುಕ್ತಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಗಂಧಕವಿರುವ ಒಂದೆರಡಂತೂ ಲವಲೇಶವಿದ್ದರೂ ಮೂಗಿಗೆ ತಿಳಿಯುತ್ತವೆ.

ವಯಸ್ಸಿನ ಮಾತು ಇಲ್ಲಿ ಬರುತ್ತದೆ. ಅರವತ್ತರ ನಂತರ ಮೂಗಿನ ಶಕ್ತಿ ಮೆಲ್ಲನೆ ಕುಗ್ಗುತ್ತದೆ, ನಾಲಿಗೆಗೆ ಕಹಿ ಮೊದಲಿನಷ್ಟು ಚುಚ್ಚುವುದಿಲ್ಲ. ರುಚಿ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಗಂಟಲ ಹಿಂದಿನಿಂದ ಮೂಗಿಗೇರುವ ಪರಿಮಳದ್ದು. ಟೀಯ ಹೂವಿನಂಥ ನವಿರು ಗಂಧ ಮಂಕಾದ ಮೂಗಿಗೆ ತಲುಪದೆ ಒಗರು ಮಾತ್ರ ಉಳಿಯಬಹುದು. ಹುರಿದ ಕಾಫಿಯ ಗಟ್ಟಿ ವಾಸನೆ ಆಗಲೂ ಬಾಗಿಲು ತಟ್ಟೀತು. ಇದು ಪ್ರಯೋಗದಿಂದ ಸಾಬೀತಾದ ಮಾತಲ್ಲ, ಬರೆಯುವವನ ಊಹೆ. ಆದರೆ ‘ಟೀಲಿ ರುಚಿನೇ ಹೋಯ್ತು’ ಎಂದು ಹಿರಿಯರು ಟೀ ಪುಡಿಯನ್ನು ಬೈಯುವಾಗ, ಪುಡಿಯ ಪರವಾಗಿ ಒಂದು ಮಾತು ಹೇಳಬೇಕೆನಿಸುತ್ತದೆ.

ಕಾಫಿಗೆ ಬಂದವರಲ್ಲಿ ಹಲವರು ಎರಡನೆಯ ದಿನವೇ ತಲೆನೋವೆಂದು ಹಣೆ ಒತ್ತಿಕೊಳ್ಳುತ್ತಾರೆ. ಕಾಫಿ ಒಗ್ಗಲಿಲ್ಲ, ಉಷ್ಣವಾಯಿತು ಎಂಬ ತೀರ್ಪು ಆ ಕ್ಷಣವೇ ಬರುತ್ತದೆ. ತೀರ್ಪಿಗೆ ಮುಂಚೆ ಲೆಕ್ಕ ನೋಡುವುದು ಒಳ್ಳೆಯದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಬೀಜ ಪುಡಿಮಾಡಿ ಇಳಿಸಿದ ಕಾಫಿಯಲ್ಲಿ 80ರಿಂದ 120. ಒಣ ತೂಕದಲ್ಲಿ ನೋಡಿದರೆ ಟೀ ಎಲೆಯಲ್ಲೇ ಕೆಫೀನ್ ಹೆಚ್ಚು. ಅದು ಸುಮಾರು 3 ಪ್ರತಿಶತ, ಅರೇಬಿಕಾ ಬೀಜದಲ್ಲಿ ಅದರ ಅರ್ಧಕ್ಕೂ ಕಡಿಮೆ. ಆದರೆ ಲೋಟಕ್ಕೆ ಟೀ ಪುಡಿ ಬೀಳುವುದು ಎರಡು ಮೂರು ಗ್ರಾಂ, ಕಾಫಿ ಪುಡಿ ಅದರ ಮೂರು ನಾಲ್ಕು ಪಟ್ಟು. ದಿನಕ್ಕೆ ಆರು ಟೀ ಕುಡಿಯುತ್ತಿದ್ದವರ ಮೈಗೆ, ಗೂಡಂಗಡಿಯ ಸಣ್ಣ ಲೋಟವನ್ನು ಲೆಕ್ಕಕ್ಕೆ ಹಿಡಿದರೂ, 150ರಿಂದ 200 ಮಿಲಿಗ್ರಾಂ ಹೋಗುತ್ತಿತ್ತು ಎಂದಿಟ್ಟುಕೊಳ್ಳಬಹುದು. ಬೆಳಗಿನ ಒಂದೇ ಕಾಫಿಗೆ ಇಳಿದಾಗ ಅದು 100ರ ಆಸುಪಾಸಿಗೆ ಬಂತು. ಅಂದಮೇಲೆ ತಲೆನೋವು ಕುಡಿದ ಕಾಫಿಯದಲ್ಲ, ಕುಡಿಯದೆ ಬಿಟ್ಟ ಟೀಯದು.

ಆ ನೋವು ಹುಟ್ಟುವ ಬಗೆ ಹೀಗೆ. ಎಚ್ಚರವಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ. ಅದು ನರಕೋಶಗಳ ಮೇಲಿನ ಗ್ರಾಹಿಗಳಲ್ಲಿ ಕುಳಿತಂತೆ ಮೈಗೆ ಜೋಂಪು ಹತ್ತಿ ನಿದ್ದೆ ಎಳೆಯುತ್ತದೆ. ಕೆಫೀನಿನ ಆಕಾರ ಅಡೆನೊಸಿನ್ನಿನ ಆಕಾರವನ್ನು ಸಾಕಷ್ಟು ಹೋಲುವುದರಿಂದ, ಅದು ಆ ಗ್ರಾಹಿಯ ಜಾಗದಲ್ಲಿ ತಾನು ಕುಳಿತುಬಿಡುತ್ತದೆ. ಬಸ್ಸಿನ ಸೀಟಿಗೆ ಮೊದಲೇ ಹಾಕಿಟ್ಟ ಟವೆಲ್ಲಿನ ಹಾಗೆ. ಕೆಫೀನ್ ದಣಿವನ್ನು ತೆಗೆಯುವುದಿಲ್ಲ, ದಣಿವಿನ ಸುದ್ದಿಯನ್ನು ತಡೆಯುತ್ತದೆ. ವರ್ಷಗಟ್ಟಲೆ ಹೀಗೆ ತಡೆದರೆ ಮೆದುಳು ಸುಮ್ಮನಿರದೆ ಅದಕ್ಕೆ ಹೊಂದಿಕೊಂಡು ಅಡೆನೊಸಿನ್ನಿಗೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಆಗ ಕೆಫೀನ್ ದಿಢೀರನೆ ಕಡಿಮೆಯಾದರೆ, ಅಡೆನೊಸಿನ್ನಿಗೆ ಎಲ್ಲ ಬಾಗಿಲೂ ತೆರೆದಂತಾಗಿ ಮೆದುಳಿನ ರಕ್ತನಾಳಗಳು ಹಿಗ್ಗಿ ತಲೆ ಸಿಡಿಯುತ್ತದೆ. ನೋವು ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಶುರುವಾಗಿ, ಎರಡು ದಿನದ ಹೊತ್ತಿಗೆ ತುದಿ ಮುಟ್ಟಿ, ಎರಡರಿಂದ ಒಂಬತ್ತು ದಿನದಲ್ಲಿ ಇಳಿಯುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಆವೃತ್ತಿಯಲ್ಲಿ ಕೆಫೀನ್ ಹಿಂತೆಗೆತವನ್ನು ಒಂದು ರೋಗಸ್ಥಿತಿಯೆಂದೇ ಪಟ್ಟಿಮಾಡಿದೆ. ಟೀಗಳನ್ನು ವಾರಕ್ಕೊಂದರಂತೆ ಇಳಿಸಿಕೊಂಡು ಬಂದವರಿಗೆ ಈ ಕಾಟ ಬಹುಮಟ್ಟಿಗೆ ಇರುವುದಿಲ್ಲ.

ತಲೆನೋವು ಹೋಗುವಷ್ಟು ಬೇಗ ಅಭ್ಯಾಸ ಹೋಗುವುದಿಲ್ಲ. ಲಂಡನ್ನಿನಲ್ಲಿ 96 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸ ರೂಢಿಯೊಂದು ಯೋಚನೆಯಿಲ್ಲದೆ ನಡೆಯುವ ಮಟ್ಟಕ್ಕೆ ಬರಲು ನಡುಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗಬಹುದಿತ್ತು. ಯುಗಾದಿಯ ದಿನ ಕಾಫಿ ಹಿಡಿದವರಿಗೆ ಅದು ತಮ್ಮದೆನಿಸುವಾಗ ನಾಲೆಗೆ ನೀರು ಬಿಡುವ ಕಾಲವಾಗಿರಬಹುದು.

ಫಿಲ್ಟರಿನ ವಿಷಯಕ್ಕೆ ಬಂದರೆ, ಅದರ ವಿನ್ಯಾಸದಲ್ಲಿ ಒಂದು ಶಾಂತವಾದ ಜಾಣತನವಿದೆ. ಮೇಲಿನ ಪಾತ್ರೆಯ ತಳದಲ್ಲಿ ಸಣ್ಣ ತೂತುಗಳು, ಪುಡಿಯ ಮೇಲೆ ಹಿಡಿಯಿರುವ ತೂತುಬಿಲ್ಲೆ, ಅದರ ಮೇಲೆ ಕುದಿ ಇಳಿದ ನೀರು. ಉಳಿದದ್ದು ಗುರುತ್ವದ ಕೆಲಸ. ರಾತ್ರಿ ಹಾಕಿಟ್ಟರೆ ಬೆಳಿಗ್ಗೆಗೆ ಡಿಕಾಕ್ಷನ್ ಹನಿಹನಿಯಾಗಿ ಇಳಿದಿರುತ್ತದೆ. ಪುಡಿಗೆ ಬೆರೆಸುವ ಚಿಕೋರಿ ಒಂದು ಬೇರಿನ ಹುರಿದ ಪುಡಿ. ಅದು ನೀರು ಹೀರಿ ಉಬ್ಬಿ ಇಳಿತವನ್ನು ನಿಧಾನಮಾಡುತ್ತದೆ, ಬಣ್ಣ ಮತ್ತು ಮಂದವನ್ನು ಕೊಡುತ್ತದೆ. ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪ್ರತಿಶತ ಇರಬೇಕೆಂಬುದು ನಮ್ಮ ದೇಶದ ಕಾನೂನು, ಪೊಟ್ಟಣದ ಮೇಲೆ ಪ್ರಮಾಣ ಬರೆದಿರಬೇಕೆಂಬುದೂ ಕಾನೂನು. ನಿದ್ದೆಯ ಚಿಂತೆಯಿರುವ ಹಿರಿಯರಿಗೆ ಚಿಕೋರಿ ಒಂದು ಬಗೆಯ ಉಪಕಾರಿಯೇ, ಶುದ್ಧ ಕಾಫಿಯ ಅಭಿಮಾನಿಗಳು ಮುಖ ಸಿಂಡರಿಸಿದರೂ. ಕೊಲೆಸ್ಟರಾಲ್ ಹೆಚ್ಚಿರುವವರು ತಿಳಿದಿರಬೇಕಾದ್ದು ಇನ್ನೊಂದಿದೆ. ಕಾಫಿ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ವಸ್ತು ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ಕಾಗದದ ಸೋಸುಕ ಅದನ್ನು ಬಹುಪಾಲು ಹಿಡಿದುಬಿಡುತ್ತದೆ. ಲೋಹದ ಫಿಲ್ಟರಿಗೆ ಆ ಶಕ್ತಿಯಿಲ್ಲ. ಪುಡಿಯನ್ನು ನೀರಿಗೇ ಹಾಕಿ ಕುದಿಸಿ ಬಗ್ಗಿಸುವ ಕಾಫಿಯಲ್ಲಿ ಅದು ಎಲ್ಲಕ್ಕಿಂತ ಹೆಚ್ಚು.

ಆಲೆಮನೆಗಳ ಸೀಮೆಯಲ್ಲಿ ಬೆಲ್ಲದ ಕಾಫಿಯ ಮಾತು ಬಿಡುವಂತಿಲ್ಲ. ಬೆಲ್ಲ ಹಾಕಿ ಹಾಲು ಕುದಿಸಿದರೆ ಒಡೆಯುವುದು ಬೆಲ್ಲದ ಹುಳಿ ಮತ್ತು ಲವಣಗಳು ಬಿಸಿಯಲ್ಲಿ ಕೇಸಿನ್ನನ್ನು ಕೆಣಕುವುದರಿಂದ; ಒಲೆಯಿಂದ ಇಳಿಸಿದ ಮೇಲೆ ಬೆಲ್ಲ ಹಾಕುವ ಅಜ್ಜಿಯರಿಗೆ ಈ ರಸಾಯನಶಾಸ್ತ್ರ ಹೆಸರಿಲ್ಲದೆಯೂ ಗೊತ್ತಿತ್ತು. ಆದರೆ ಸಕ್ಕರೆ ಕಾಯಿಲೆಯವರು ಬೆಲ್ಲಕ್ಕೆ ಬದಲಾಯಿಸಿ ಸಮಾಧಾನಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಬೆಲ್ಲದ ಬಹುಪಾಲೂ ಸುಕ್ರೋಸೇ.

ಮುದ್ದೆ ಸೊಪ್ಪುಸಾರಿನ ಊಟಕ್ಕೂ ಲೋಟಕ್ಕೂ ಇರುವ ಸಂಬಂಧ ಇದಕ್ಕಿಂತ ಮುಖ್ಯವಾದದ್ದು. ರಾಗಿ ಮತ್ತು ಸೊಪ್ಪಿನ ಕಬ್ಬಿಣ ಸಸ್ಯಮೂಲದ್ದಾದ್ದರಿಂದ ಅದು ಮೊದಲೇ ಕಷ್ಟಪಟ್ಟು ಮೈಗೆ ಸೇರುವಂಥದು. ಟೀ ಕಾಫಿಗಳ ಪಾಲಿಫೀನಾಲುಗಳು ಅದನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ಅಮೆರಿಕದಲ್ಲಿ ನಡೆದು 1983ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಊಟದ ಜೊತೆ ಕುಡಿದ ಕಾಫಿ ಕಬ್ಬಿಣದ ಹೀರುವಿಕೆಯನ್ನು 39 ಪ್ರತಿಶತ ತಗ್ಗಿಸಿತು, ಟೀ 64 ಪ್ರತಿಶತ. ಅದೇ ಪ್ರಯೋಗದಲ್ಲಿ ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಯಾವ ನಷ್ಟವೂ ಆಗಲಿಲ್ಲ. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದದ್ದು ಮಾತ್ರ ಜೊತೆಯಲ್ಲಿ ಕುಡಿದಷ್ಟೇ ನಷ್ಟ ಮಾಡಿತು. ಈ ಕೋನದಿಂದ ನೋಡಿದರೆ ಆರು ಗಂಟೆಗೆ ಕಾಫಿ, ಎಂಟರ ಮೇಲೆ ತಿಂಡಿ ಎಂಬ ನಿವೃತ್ತರ ಕ್ರಮ ಊಟವಾದೊಡನೆ ಟೀ ಕುಡಿಯುತ್ತಿದ್ದ ನೌಕರಿಯ ಕ್ರಮಕ್ಕಿಂತ ಎಷ್ಟೋ ವಾಸಿ. ಥೈರಾಯ್ಡಿನ ಮಾತ್ರೆ ನುಂಗುವವರಿಗೆ ಆರರ ಕಾಫಿಯೂ ಸ್ವಲ್ಪ ಕಾಯಬೇಕು: ಮಾತ್ರೆಯಾಗಿ ಅರ್ಧದಿಂದ ಒಂದು ಗಂಟೆಯ ಒಳಗೆ ಕಾಫಿ ಕುಡಿದರೆ ಔಷಧ ಪೂರ್ತಿ ಮೈಗೆ ಸೇರುವುದಿಲ್ಲ.

ಕಾಫಿ ಕುಡಿಯುವವರಲ್ಲಿ ಪಾರ್ಕಿನ್ಸನ್ ಕಾಯಿಲೆ, ಎರಡನೆಯ ಬಗೆಯ ಮಧುಮೇಹ, ಯಕೃತ್ತಿನ ಕೆಲವು ರೋಗಗಳು ಕಡಿಮೆ ಕಂಡುಬಂದಿವೆ ಎಂಬ ಸುದ್ದಿಗಳು ಸುಳ್ಳಲ್ಲ. ಅವು ಬಂದದ್ದು ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಿಂದ. ಕಾಫಿಯೇ ಕಾರಣವೆಂದು ಅವು ಖಚಿತವಾಗಿ ಹೇಳಲಾರವು. ಔಷಧವೆಂದು ಕಾಫಿ ಹಿಡಿಯುವುದು ಬೇಡ, ರುಚಿಗೆಂದು ಹಿಡಿದರೆ ಭಯವೂ ಬೇಡ ಎನ್ನುವಷ್ಟಕ್ಕೆ ಅವು ಸಾಕು.

ಕೊನೆಗೆ ಉಳಿಯುವುದು ಯಕೃತ್ತು. ಕುಡಿದ ಕೆಫೀನಿನ ಹತ್ತರಲ್ಲಿ ಒಂಬತ್ತು ಪಾಲನ್ನು ಕರಗಿಸುವುದು ಅಲ್ಲಿರುವ ಒಂದೇ ಕಿಣ್ವ. ಅದರ ಹೆಸರು ಸಿ.ವೈ.ಪಿ.1ಎ2. ಕುಡಿದದ್ದರಲ್ಲಿ ಅರ್ಧ ಕರಗಲು ಬೇಕಾಗುವ ಕಾಲಕ್ಕೆ ಅರ್ಧಾಯು ಎನ್ನುತ್ತಾರೆ. ಅದು ಸರಾಸರಿ ಐದು ಗಂಟೆಯಾದರೂ, ಜನರಿಂದ ಜನರಿಗೆ ಒಂದೂವರೆಯಿಂದ ಒಂಬತ್ತೂವರೆ ಗಂಟೆಯವರೆಗೆ ಹಿಗ್ಗಿ ಕುಗ್ಗುತ್ತದೆ. ಬೀಡಿ ಸಿಗರೇಟಿನ ಹೊಗೆ ಈ ಕಿಣ್ವವನ್ನು ಚುರುಕಾಗಿಸುತ್ತದೆ. ಹಾಗಾಗಿ ಡಾಕ್ಟರು ಹೇಳಿದರೆಂದು ಅರವತ್ತರಲ್ಲಿ ಬೀಡಿ ಬಿಟ್ಟವರ ಮೈಯಲ್ಲಿ ಅದೇ ಒಂದು ಲೋಟದ ಕೆಫೀನ್ ಸುಮಾರು ಎರಡು ಪಟ್ಟು ಹೊತ್ತು ನಿಲ್ಲುತ್ತದೆ, ಸಿಪ್ರೊಫ್ಲಾಕ್ಸಾಸಿನ್‌ನಂಥ ಮಾತ್ರೆ ನುಂಗುವ ದಿನಗಳಲ್ಲಿ ಇನ್ನೂ ಹೆಚ್ಚು. ವಯಸ್ಸಾದಂತೆ ಯಕೃತ್ತು ಚಿಕ್ಕದಾಗುತ್ತದೆ, ಅದರ ಮೂಲಕ ಹರಿಯುವ ರಕ್ತ ಕಡಿಮೆಯಾಗುತ್ತದೆ, ಆಳವಾದ ನಿದ್ದೆಯ ಪಾಲೂ ತಾನಾಗಿಯೇ ಕುಗ್ಗಿರುತ್ತದೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕೊಟ್ಟು ನೋಡಿದ ಪ್ರಯೋಗವೊಂದರಲ್ಲಿ ಒಂದು ಗಂಟೆಗೂ ಹೆಚ್ಚು ನಿದ್ದೆ ಕಳೆದುಹೋಗಿತ್ತು.

ಬೆಳಗಿನ ಲೋಟದಲ್ಲಿ 100 ಮಿಲಿಗ್ರಾಂ ಇದೆಯೆಂದೂ, ಅರ್ಧಾಯು ಐದು ಗಂಟೆಯೆಂದೂ ಇಟ್ಟುಕೊಂಡರೆ, ಆರಕ್ಕೆ ಕುಡಿದದ್ದು ಹನ್ನೊಂದಕ್ಕೆ 50 ಆಗುತ್ತದೆ, ಸಂಜೆ ನಾಲ್ಕಕ್ಕೆ 25, ರಾತ್ರಿ ಒಂಬತ್ತಕ್ಕೆ ಹನ್ನೆರಡೂವರೆ. ಅರ್ಧಾಯು ಎಂಟು ಗಂಟೆಗೆ ಹಿಗ್ಗಿದ ದೇಹದಲ್ಲಿ ಮಧ್ಯಾಹ್ನ ಎರಡಕ್ಕೆ 50 ಉಳಿದು, ರಾತ್ರಿ ಹತ್ತಕ್ಕೆ ದೀಪ ಆರಿಸುವಾಗಲೂ 25 ಇರುತ್ತದೆ. ಅದೇ ದೇಹಕ್ಕೆ ಸಂಜೆ ಆರಕ್ಕೆ ಇನ್ನೊಂದು ಲೋಟ ಬಿದ್ದರೆ, ಆ ಲೋಟದ ಅರ್ಧ ನಡುರಾತ್ರಿ ಕಳೆದು ಎರಡು ಗಂಟೆಯಲ್ಲೂ ರಕ್ತದಲ್ಲಿ ಓಡಾಡುತ್ತಿರುತ್ತದೆ.